ನಲವತ್ತೊಂದನೇ ನಂಬರಿನ ಓಕ್ ಬಯಲು

ಮಾರಿಸ್‌ವಿಲ್, ನಾರ್ತ್ ಕೆರೊಲಿನಾ
ಭಾನುವಾರ, 8 ಜೂನ್ 2025

ಪ್ರೀತಿಯ ಅಪ್ಪಾ,

ನಿಮ್ಮ ಹರಿಣಿಯ ನಮಸ್ಕಾರಗಳು. ಮಂಡಿ ನೋವು ಈಗ ಹೇಗಿದೆ? ಸ್ಮಿತಾ ಅತ್ತಿಗೆ ಹೇಳಿದರು, ನೀವು ಪಾರ್ಕಿನಲ್ಲಿ ಎರಡು ಸುತ್ತು ಕಡಿಮೆ ಮಾಡಿದ್ದೀರಂತೆ. ಕಿವಿಗೆ ಹೊಸ ಮೆಷಿನ್ ಹಾಕಿಸಿದ ಮೇಲೂ ಫೋನಿನಲ್ಲಿ ನಾನು ಕೂಗುವುದು ಇಡೀ ಮನೆಗೆ ಕೇಳಿಸುತ್ತದೆ, ನಿಮ್ಮೊಬ್ಬರನ್ನು ಬಿಟ್ಟು. ಅದಕ್ಕೇ ಈ ಕಾಗದ. ಇದನ್ನು ಅಣ್ಣನಿಗೆ ಓದಲು ಕೊಡಬೇಡಿ. ನಿಮ್ಮ ಮೊಮ್ಮಗಳು ವೇದಾಳಿಗೆ ಒಂಬತ್ತು ತಿಂಗಳು ತುಂಬಿತು, ಎರಡು ಹಲ್ಲು ಬಂದಿವೆ. ತೊಟ್ಟಿಲಲ್ಲಿ ಮಲಗುವುದಿಲ್ಲ, ಹೆಗಲ ಮೇಲೆ ಮಲಗುವುದಿಲ್ಲ, ಓಡುವ ಕಾರಿನಲ್ಲಿ ಮಾತ್ರ ಕಣ್ಣು ಮುಚ್ಚುತ್ತಾಳೆ. ಇಂಜಿನ್ ನಿಂತರೆ ಎದ್ದು ಕೂಗು. ನಾನು ಸತತವಾಗಿ ಮೂರು ಗಂಟೆ ನಿದ್ದೆ ಮಾಡಿ ಎಷ್ಟು ದಿನವಾಯಿತೋ ಲೆಕ್ಕವಿಲ್ಲ. ನಿಮ್ಮ ಅಳಿಯ ಚಿರಂತನ್ ಅವರ ಕೆಲಸ ಹೋಗಿ ವರ್ಷವಾಯಿತು. ಅವರು ಈಗ ನನ್ನ ವೀಸಾ ಮೇಲೆ ಇಲ್ಲಿದ್ದಾರೆ. ಅಂದರೆ ನನ್ನ ಕೆಲಸವಿದ್ದರೆ ನಾವೆಲ್ಲ ಇಲ್ಲಿ, ಹೋದರೆ ಅರವತ್ತು ದಿನದಲ್ಲಿ ಹೊರಡಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಇದರ ಮೇಲೇ ನಿಂತಿದೆ.

ನಮ್ಮ ಕಂಪನಿ ಚಿಕ್ಕದು, ಹನ್ನೆರಡೇ ಜನ. ರಸ್ತೆ ಮಾಡುವವರಿಗೆ ಮೊದಲು ನಕ್ಷೆ ಮಾಡಿಕೊಡುತ್ತೇವೆ: ಎಲ್ಲಿ ಹಳ್ಳವಿದೆ, ಎಲ್ಲಿ ಹಳೆಯ ಸಮಾಧಿಯಿದೆ, ಎಲ್ಲಿ ಉಳಿಸಲೇಬೇಕಾದ ಗಿಡವಿದೆ ಅಂತ. ಫೀಲ್ಡಿನವರು ಹೋಗಿ ನೋಡಿ ಎಣಿಸಿ ಬರುತ್ತಾರೆ, ನಾನು ಅದನ್ನು ನಕ್ಷೆಗೆ ಏರಿಸುತ್ತೇನೆ. ಇಲ್ಲಿಂದ ಮುಕ್ಕಾಲು ಗಂಟೆ ಉತ್ತರಕ್ಕೆ ಹೊಸ ರಸ್ತೆಯೊಂದು ಬರಲಿದೆ. ಆ ಭಾಗದಲ್ಲಿ ಹಿಂದೆ ದಟ್ಟ ಕಾಡಿರಲಿಲ್ಲವಂತೆ. ಎತ್ತರದ ಹುಲ್ಲು, ನಡುನಡುವೆ ದೂರ ದೂರ ನಿಂತ ಓಕ್ ಮರಗಳು. ಬೆಂಕಿ ಬಿದ್ದು ಬಿದ್ದು ಬಯಲು ಬಯಲಾಗಿಯೇ ಉಳಿಯುತ್ತಿತ್ತು. ಬೆಂಕಿ ನಿಲ್ಲಿಸಿದ ಮೇಲೆ ಪೈನ್ ಮರಗಳು ನುಗ್ಗಿ ಮುಚ್ಚಿಹಾಕಿದವು. ಈಗ ಆ ಹುಲ್ಲು, ಆ ಹೂವು ಉಳಿದಿರುವುದು ಅಲ್ಲೊಂದು ಇಲ್ಲೊಂದು ಚೂರು, ಹೆಚ್ಚಾಗಿ ರಸ್ತೆ ಅಂಚಿನಲ್ಲಿ, ಹೈಟೆನ್ಷನ್ ತಂತಿಯ ಕೆಳಗೆ, ಯಾರೋ ವರ್ಷಕ್ಕೊಮ್ಮೆ ಕತ್ತರಿಸುವ ಕಡೆ. ಒಂದು ಚೂರು ಎಲ್ಲಿದೆ ಅಂತ ನಕ್ಷೆಯಲ್ಲಿ ಸರಿಯಾಗಿ ಬಂದರೆ ರಸ್ತೆ ಸುತ್ತಿಕೊಂಡು ಹೋಗುತ್ತದೆ. ಬರದಿದ್ದರೆ ಬುಲ್ಡೋಜರ್.

ಹೋದ ವರ್ಷ ಜೂನ್‌ನಲ್ಲಿ ಫೀಲ್ಡಿನವರು ನಲವತ್ತೊಂದನೇ ನಂಬರಿನ ಜಮೀನಿಗೆ ಹೋದರು. ಗೇಟು ಹಾಕಿತ್ತು, ನಾಯಿ ಇತ್ತು, ವಾಪಸ್ ಬಂದರು. ಗಿಡಗಳ ಕಾಲಂ ಖಾಲಿ ಬಿಟ್ಟರು. ಅದು ಸರಿಯೇ, ನೋಡಿಲ್ಲ ಅಂದರೆ ಖಾಲಿ. ಆದರೆ ಜನವರಿಯಲ್ಲಿ ಫೈಲ್ ಕಳಿಸುವ ದಿನ ಆ ಖಾಲಿ ಕಾಲಂ ಇದ್ದದ್ದಕ್ಕೆ ಸಿಸ್ಟಮ್ ತೆಗೆದುಕೊಳ್ಳಲಿಲ್ಲ. ವೇದಾಳಿಗೆ ಆವತ್ತು ನೂರಾ ಎರಡು ಜ್ವರ, ಚಿರಂತನ್ ಇಂಟರ್ವ್ಯೂಗೆ ಊರೂರು ಅಲೆಯುತ್ತಿದ್ದರಿಂದ ಅವಳನ್ನು ಬಿಟ್ಟಿದ್ದ ಡೇಕೇರಿನಿಂದ ಮೂರು ಸಲ ಫೋನ್ ಬಂದಿತ್ತು. ನಮ್ಮ ಮ್ಯಾನೇಜರ್ ಯಶವಂತ್, ಬೆಂಗಳೂರು ಬಸವನಗುಡಿಯವರು, ಬಂದು ನಿಂತು, "ಹರಿಣಿ, ಸದ್ಯಕ್ಕೊಂದು ಝೀರೋ ಹಾಕಿ ಕಳಿಸ್ಬಿಡ್ರೀ. ಆಮೇಲೆ ಕರೆಕ್ಟ್ ಮಾಡೋಣ. ಮಗು ನೋಡ್ಕೊಳ್ಳಿ, ಹೋಗಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಹಾಕಿದೆ. ಆ 'ಆಮೇಲೆ' ಬರಲೇ ಇಲ್ಲ. ಖಾಲಿ ಅಂದರೆ ಗೊತ್ತಿಲ್ಲ. ಸೊನ್ನೆ ಅಂದರೆ ಹೋಗಿ ನೋಡಿದೆವು, ಏನೂ ಇಲ್ಲ. ಮೇ ತಿಂಗಳಲ್ಲಿ ರಸ್ತೆ ಕಚೇರಿಯವರು ಮೂರು ದಾರಿಗಳಲ್ಲಿ ಒಂದನ್ನು ಆರಿಸಿದರು. ನಕ್ಷೆಯಲ್ಲಿ ಬೆಳ್ಳಗೆ, ಅಡ್ಡಿಯಿಲ್ಲದೆ ಕಂಡ ನಲವತ್ತೊಂದರ ನಟ್ಟನಡುವೆ ಹೋಗುವ ದಾರಿ. ಆಕ್ಷೇಪಣೆ ಕೊಡಲು ಬರುವ ಶುಕ್ರವಾರ ಕೊನೆ.

ಹೋದ ಶನಿವಾರದ ಹಿಂದಿನ ಶನಿವಾರ ಮಧ್ಯಾಹ್ನ ವೇದಾಳನ್ನು ಮಲಗಿಸಲು ಕಾರು ತೆಗೆದೆ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಳ್ಳಲಿಲ್ಲ, ಆದರೆ ಸ್ಟೇರಿಂಗ್ ಹಿಡಿದ ಕೈಗೆ ಗೊತ್ತಿತ್ತು. ಅಪ್ಪಾ, ಆ ಗೇಟಿನ ಆಚೆ ಇಪ್ಪತ್ತಕ್ಕಿಂತ ಹೆಚ್ಚು ಓಕ್ ಮರಗಳಿವೆ, ಕುಳ್ಳಗೆ, ಗಂಟುಗಂಟಾಗಿ, ಒಂದರ ನೆರಳು ಇನ್ನೊಂದಕ್ಕೆ ತಾಗದಷ್ಟು ದೂರ. ನಡುವೆ ಸೊಂಟದೆತ್ತರ ಹುಲ್ಲು. ತಂತಿಯ ಕೆಳಗೆ, ನಾನು ಫೋಟೋದಲ್ಲಿ ಮಾತ್ರ ನೋಡಿದ್ದ, ದಳಗಳು ಕೆಳಕ್ಕೆ ಜೋತುಬಿದ್ದ ತಿಳಿನೇರಳೆ ಹೂವು. ಇಂಜಿನ್ ಆರಿಸದೆ ಇಳಿದು, ಬೇಲಿಯ ಪಕ್ಕದಲ್ಲೇ ನಿಂತು ಫೋಟೋ ತೆಗೆಯುತ್ತಾ ಎಣಿಸಿದೆ. ಅರವತ್ಮೂರಕ್ಕೆ ವೇದಾ ಎದ್ದುಬಿಟ್ಟಳು. ಅಳು ಕೇಳಿ ಮನೆಯಿಂದ ಅಜ್ಜಿಯೊಬ್ಬರು ಬಂದರು, ಎಂಬತ್ತರ ಮೇಲಿರಬೇಕು, ಹಿಂದೆ ಆ ನಾಯಿ. ಪಾಪ, ಅದಕ್ಕೊಂದು ಕಾಲೇ ಸರಿಯಿಲ್ಲ. "ನೀನು ಮ್ಯಾಪಿನವಳಾ? ಫೋನ್ ಮಾಡಿ ಬನ್ನಿ ಅಂತ ಕಾಗದ ಬರೆದಿದ್ದೆ. ಫೋನೂ ಇಲ್ಲ, ಜನವೂ ಇಲ್ಲ" ಅಂದರು. ನಾನು "ಅಲ್ಲ, ಮಗು ಮಲಗಲಿ ಅಂತ ಸುಮ್ಮನೆ ಬಂದೆ" ಅಂದೆ. "ಹಾಗಾದರೆ ಒಳಗೆ ಬಾ, ಬಿಸಿಲಲ್ಲಿ ಯಾಕೆ ನಿಂತಿದ್ದೀ" ಅಂತ ಗೇಟು ತೆಗೆದು, ನನಗೆ ತಣ್ಣನೆಯ ನೀರು ಕೊಟ್ಟು, ವೇದಾಳ ಪಾದ ಹಿಡಿದು ಮುದ್ದು ಮಾಡಿದರು. ಕುಡಿದೆ. ಆ ನೀರನ್ನೂ ಕುಡಿದೆ ಅಪ್ಪಾ, ನಾನ್ಯಾರು ಅಂತ ಹೇಳದೆ.

ಸೋಮವಾರ ಯಶವಂತ್‌ಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬಂದರು. "ನೋಡದೇ ನಂಬರ್ ಹಾಕಿದ್ವಿ ಅಂತ ಈಗ ಬರೆದು ಕೊಟ್ರೆ ಕಂಪನಿಗೆ ಮುಂದೆ ಕೆಲಸ ಯಾರು ಕೊಡ್ತಾರೆ? ಹನ್ನೆರಡು ಮನೆ ಕಣ್ರೀ. ನಿಮ್ಮ ವೀಸಾ ಪೇಪರ್‌ಗೆ ಸೈನ್ ಮಾಡೋನೂ ನಾನೇ." ಹೆದರಿಸುವ ದನಿಯಲ್ಲಿ ಅನ್ನಲಿಲ್ಲ. ಸುಸ್ತಾದವರ ಹಾಗೆ ಅಂದರು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಚಿರಂತನ್‌ಗೆ ಹೇಳಿದರೆ ತಟ್ಟೆಯಿಂದ ತಲೆ ಎತ್ತಲಿಲ್ಲ, "ನೀನೇ ಡಿಸೈಡ್ ಮಾಡು, ನಾನೀಗ ಹೇಳೋ ಪೊಸಿಷನ್‌ನಲ್ಲಿಲ್ಲ" ಅಂದರು. ಪಕ್ಕದ ಮನೆ ಸಯೀದಾ ಆಂಟಿ, ಮೈಸೂರು ಮಂಡಿ ಮೊಹಲ್ಲಾದವರು, ಸಂಜೆ ಒಂದು ಗಂಟೆ ವೇದಾಳನ್ನು ಎತ್ತಿಕೊಳ್ಳುತ್ತಾರೆ. ಅವರು ಬೈದೇಬಿಟ್ಟರು: "ಏನ್ ಮಗಳೇ ಬುದ್ಧಿಗಿದ್ದಿ ಇದ್ಯಾ ನಿಂಗೆ? ಯಾರ್ದೋ ಹುಲ್ಲಿಗೋಸ್ಕರ ಗಂಡ ಮಗು ಕರ್ಕೊಂಡು ಬೀದಿಗ್ ಬರ್ತೀಯಾ? ಮಲ್ಕೋ ಹೋಗು, ಮೊದಲು ನಿದ್ದೆ ಮಾಡು, ಆಮೇಲೆ ಇಮಾನ್‌ದಾರಿ, ನಿಯತ್ತು ಎಲ್ಲ." ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಇದನ್ನೆಲ್ಲ ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀವು ಮೂವತ್ತೆರಡು ವರ್ಷ ಅಳತೆ ಸರಪಳಿ ಎಳೆಸಿದ ಸರ್ವೆಯರ್ ಅಂತ ಮಾತ್ರ ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನನಗೆ ಹತ್ತು ವರ್ಷವಿದ್ದಾಗ, ತಾಲ್ಲೂಕಿನ ಕ್ವಾರ್ಟರ್ಸಿನಲ್ಲಿ, ನಮ್ಮ ಮೆಟ್ಟಿಲ ಮೇಲೆ ಕಂಬಳಿ ಹೊದ್ದ ಒಬ್ಬರು ಮೂರು ದಿನ ಕೂತಿದ್ದರು. ಕುರಿ ಕಾಯುವವರು. ಅಮ್ಮ ಅನ್ನ ಕೊಟ್ಟರೆ ಮುಟ್ಟಲಿಲ್ಲ. ಅವರ ಊರಿನ ಗೋಮಾಳವನ್ನು ನೀವು ಜೀಪಿನಿಂದ ಇಳಿಯದೆ ಖರಾಬು, ಯಾತಕ್ಕೂ ಬಾರದ ನೆಲ, ಅಂತ ಬರೆದಿದ್ದಿರಿ. ಅದು ಕಲ್ಲು ಕ್ವಾರಿಗೆ ಹೋಯಿತು. ಇದನ್ನು ಅಮ್ಮ ನನಗೆ ಹೇಳಿದ್ದು ತೀರಿಕೊಳ್ಳುವ ಹಿಂದಿನ ವರ್ಷ. ಆದರೆ ಆ ಕಂಬಳಿಯವರು ಎದ್ದು ಹೋಗುವಾಗ ಹೇಳಿದ್ದನ್ನು ನಾನೇ ಕಿಟಕಿಯಲ್ಲಿ ನಿಂತು ಕೇಳಿದ್ದೆ: "ಸ್ವಾಮಿ, ಒಂದ್ ಕಿತ ಬಂದು ನೋಡ್ಬುಟ್ಟು ಬರ್ದಿದ್ರೆ ನಾನೇನೂ ಅಂತಿರ್ನಿಲ್ಲ." ನೀವು ಒಳಗೆ ಪೇಪರ್ ಓದುತ್ತಿದ್ದಿರಿ. ಹಾಳೆ ಮಗುಚಲೇ ಇಲ್ಲ. ಆಮೇಲೆ ನಿಮಗೆ ನಿದ್ದೆ ಬರುತ್ತಿತ್ತಾ ಅಪ್ಪಾ? ಎಷ್ಟು ವರ್ಷಕ್ಕೆ ಬಂತು? ನಿಮ್ಮನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಲು ಕೇಳುತ್ತಿಲ್ಲ. ನನಗೆ ಗೊತ್ತಿರುವವರಲ್ಲಿ ಇದರ ಉತ್ತರ ಗೊತ್ತಿರುವವರು ನೀವೊಬ್ಬರೇ. ಕಾಗದ ನಿಮಗೆ ಮುಟ್ಟುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ, ಅದೂ ಗೊತ್ತು. ತಿದ್ದುಪಡಿಯ ಮೇಲ್ ಬರೆದಿಟ್ಟಿದ್ದೇನೆ, ಫೋಟೋಗಳ ಸಮೇತ. ಕಳಿಸಿಲ್ಲ. ದಿನಕ್ಕೆ ಹತ್ತು ಸಲ ತೆರೆದು ಅಲ್ಪವಿರಾಮ ತಿದ್ದುತ್ತೇನೆ.

ವೇದಾ ಏಳುತ್ತಿದ್ದಾಳೆ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳಿ, ಈ ವಿಷಯ ಬೇಡ. ನಿಮ್ಮ ಕೈಯನ್ನು ಇಲ್ಲಿಂದಲೇ ನನ್ನ ತಲೆಯ ಮೇಲೆ ಇಟ್ಟುಕೊಂಡಿದ್ದೇನೆ.

ನಿಮ್ಮ
ಹರಿಣಿ

ಮರೆತ ಮಾತು, ಗುರುವಾರ: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಮಂಗಳವಾರ ಮೇಲ್ ಕಳಿಸಿಬಿಟ್ಟೆ, ನನ್ನದೇ ಹೆಸರಿನಲ್ಲಿ. ಬುಧವಾರ ಕೆಲಸ ಹೋಯಿತು, ಲ್ಯಾಪ್‌ಟಾಪ್ ತೆಗೆದುಕೊಂಡರು. ಯಶವಂತ್ ನನ್ನ ಮುಖ ನೋಡಲಿಲ್ಲ. ರಸ್ತೆ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು: ಆ ಜಮೀನನ್ನು ಇನ್ನೊಮ್ಮೆ ನೋಡಿಸುತ್ತಾರಂತೆ, ಡಿಸೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಒಣಹುಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ, ಹೂವು ಜೂನ್‌ನದು. ಇವತ್ತು ಬೆಳಿಗ್ಗೆ ಹೋಗಿ ಆ ಅಜ್ಜಿಗೆ ನಾನು ಯಾರೆಂದು ಹೇಳಿದೆ. ಪೂರ್ತಿ ಕೇಳಿದರು. ಒಂದೊಂದು ಗಿಡದ ಬುಡಕ್ಕೂ ಈಗಲೇ ಗೂಟ ಹೊಡೆಸಿ, ಚಳಿಗಾಲದಲ್ಲಿ ಬಂದವರಿಗೆ ಇದನ್ನು ತೋರಿಸಿ ಅಂತ ಫೋಟೋಗಳ ಕಟ್ಟು ಕೊಟ್ಟೆ. ತೆಗೆದುಕೊಂಡರು, ಬಾಗಿಲು ಹಾಕಿಕೊಂಡರು. ಆಗಸ್ಟ್ ಏಳಕ್ಕೆ ನಮ್ಮ ಟಿಕೆಟ್. ರಜಕ್ಕೆ ಬರುತ್ತಿದ್ದೇವೆ ಅಂತ ಚಿರಂತನ್ ಅಣ್ಣನಿಗೆ ಫೋನ್ ಮಾಡುತ್ತಾರೆ. ಅವರ ಮರ್ಯಾದೆಗೆ ನೀವೂ ಹಾಗೇ ಅಂದುಬಿಡಿ, ಹಿಂದಿರುಗುವ ತಾರೀಖು ಮಾತ್ರ ಯಾರೂ ಕೇಳದ ಹಾಗೆ ನೋಡಿಕೊಳ್ಳಿ.