ಲಕ್ಕಿ ಎತ್ತಬೇಕಾದ ಸಾಲು

ಯಲಹಂಕ
೨೦–೧–೧೯೬೪, ಸೋಮವಾರ

ಪ್ರೀತಿಯ ಲಕ್ಕೀ,

ನೀನೂ ನಿಮ್ಮ ಯಜಮಾನರೂ ಮಕ್ಕಳೂ ಆರೋಗ್ಯವಷ್ಟೆ? ಚಿಕ್ಕವನಿಗೆ ಖರಗ್‌ಪುರದ ಚಳಿಗೆ ಕೆಮ್ಮು ಹಿಡಿದಿದೆ ಎಂದು ಬರೆದಿದ್ದೆ. ಈಗ ಹೇಗಿದ್ದಾನೆ? ದೊಡ್ಡಪತ್ರೆ ಅಲ್ಲಿ ಸಿಗದಿದ್ದರೆ ತುಳಸಿಯ ರಸಕ್ಕೆ ಜೇನು ಹಾಕಿ ನೆಕ್ಕಿಸು. ಅವನನ್ನು ನಾನು ಇನ್ನೂ ನೋಡಿಯೇ ಇಲ್ಲ, ಕೆಮ್ಮಿಗೆ ಮಾತ್ರ ಇಲ್ಲಿಂದ ಔಷಧಿ ಹೇಳುತ್ತಿದ್ದೇನೆ. ನಗಬೇಡ. ಇಲ್ಲಿ ಸಂಕ್ರಾಂತಿ ಕಳೆಯಿತು. ಊರೆಲ್ಲ ಅವರೆಕಾಯಿ ಸೊಗಡು. ಸಂಜೆ ಸ್ಕೂಲಿನಿಂದ ಬರುವಾಗ ಪ್ರತಿ ಜಗುಲಿಯ ಮೇಲೂ ಒಬ್ಬರು ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿರುತ್ತಾರೆ, ಎಲ್ಲರೂ ನಿನ್ನನ್ನು ಕೇಳುತ್ತಾರೆ. ನನಗೆ ಕನ್ನಡಕ ಬಂದಿದೆ. ಹಾಕಿಕೊಂಡ ಮೊದಲ ದಿನ ಅಮ್ಮ ನೋಡಿ, “ಇನ್ಮೇಲೆ ನಿನ್ ಸ್ಕೂಲ್ ಮಕ್ಳು ನಿಜ್ವಾಗ್ಲೂ ಹೆದರ್ಕೋತಾರೆ ಬಿಡು” ಎಂದಳು. ಅಮ್ಮನ ಮೈಗೆ ಏನೂ ತೊಂದರೆಯಿಲ್ಲ. ಬಾವಿಯಿಂದ ನೀರು ಸೇದುತ್ತಾಳೆ, ಮುದ್ದೆ ಉಣ್ಣುತ್ತಾಳೆ, ಹಸುವಿಗೆ ಬೈಯುತ್ತಾಳೆ. ಮೈಗೆ ಏನೂ ಇಲ್ಲ ಎಂದಷ್ಟೇ ಬರೆದು ಇಲ್ಲಿಗೇ ನಿಲ್ಲಿಸೋಣವೆಂದಿದ್ದೆ.

ಹೋದ ವರ್ಷದ ಸಂಕ್ರಾಂತಿಯ ಮಾತು. ಹಿದುಕಿದ ಬೇಳೆ ಸಾರು ಮಾಡಬೇಕೆಂದು ಅಮ್ಮ ಅವರೆಕಾಳು ನೆನೆಹಾಕಿದ್ದಳು. ಅವಳು ಕಾಳು ಹಿದುಕುವುದನ್ನು ನೀನು ಮರೆತಿರಲಾರೆ, ಹೆಬ್ಬೆರಳು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಅವತ್ತು ನಾನು ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಸಿಪ್ಪೆ ಕುದಿಯುತ್ತಿದೆ. ಬೇಳೆಯನ್ನೆಲ್ಲ ಹಸುವಿನ ಬಾನಿಗೆ ಸುರಿದಿದ್ದಾಳೆ. ನಾನು ಬಾಯಿ ತೆರೆಯುವ ಮೊದಲೇ, “ವರ್ಸವೆಲ್ಲ ಹಾಲು ಕೊಡ್ತದೆ, ಒಂದಿನ ಅದೂ ಹಬ್ಬ ಮಾಡ್ಲಿ” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೆರೆಮನೆಯ ಮುನಿವೆಂಕಟಮ್ಮನಿಗೆ ಹೇಳಿ ಅವಳನ್ನೂ ನಗಿಸಿದೆವು. ಆಮೇಲೆ ಶ್ರಾವಣದಲ್ಲಿ ಒಂದು ಸಂಜೆ ಜಟಕಾ ಜಿಯಾವುಲ್ಲಾ ಅಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಕೆರೆ ಏರಿಯ ಮೇಲೆ ನಿಂತುಕೊಂಡು, “ಯಲಹಂಕಕ್ಕೆ ಯಾವ ಕಡೆ ಹೋಗ್ಬೇಕಪ್ಪ?” ಎಂದು ಕೇಳಿದಳಂತೆ. “ಯಲಹಂಕದಾಗೇ ನಿಂತ್ಕೊಂಡು ಯಲಹಂಕ ಕೇಳ್ತಾರಲ್ಲ, ತಮಾಸೆ ಮಾಡ್ತಾವ್ರೆ ಅನ್ಕೊಂಡೆ ಟೀಚರಮ್ಮ” ಎಂದ. ಗಾಡಿಯಿಂದ ಇಳಿಯುತ್ತಾ ಅಮ್ಮ, “ಇವನ್ ಕುದ್ರೆಗೆ ದಾರಿ ಗೊತ್ತೈತೋ ಇಲ್ವೋ ನೋಡ್ದೆ ಕಣೆ” ಎಂದಳು. ಅವನೂ ನಕ್ಕ. ನಾನೂ ನಕ್ಕೆ. ಆದರೆ ಅವಳ ಕೈ ಹಿಡಿದು ಇಳಿಸಿಕೊಂಡಾಗ ಆ ಕೈ ತಣ್ಣಗಿತ್ತು ಲಕ್ಕೀ. ನನ್ನ ಕೈಯನ್ನು ಬೇಗ ಬಿಡಲಿಲ್ಲ.

ನನಗೆ ತಿಳಿದದ್ದು ಕಾರ್ತೀಕದಲ್ಲಿ, ಗೊರಗುಂಟೆಪಾಳ್ಯದ ಸೊಣ್ಣಪ್ಪನ ಮಗಳ ಮದುವೆಯಲ್ಲಿ. ಸೋಬಾನೆಗೆ ಅಮ್ಮನನ್ನು ಬಿಟ್ಟರೆ ಈ ಸುತ್ತಿನಲ್ಲಿ ಇನ್ನಾರಿದ್ದಾರೆ? ಹೆಣ್ಣಿನ ಹೆಸರೇನು, ಧಾರೆ ಎರೆಯುವವರು ಯಾರು, ಸೋದರಮಾವ ಯಾರು, ಒಂದನ್ನೂ ಅವಳು ಯಾರ ಹತ್ತಿರವೂ ಕೇಳಿದವಳಲ್ಲ. ಎಲ್ಲ ಮನೆಗಳ ಹೆಸರೂ ನಾಲಿಗೆಯ ಮೇಲಿದ್ದವು. ಹಾಡುತ್ತಲೇ ಆ ಹೆಸರುಗಳನ್ನು ಪದಕ್ಕೆ ಕೂಡಿಸುತ್ತಿದ್ದಳು. ಅವತ್ತೂ ಚಪ್ಪರದ ಕೆಳಗೆ ಕೂತು ಧಾರೆಯ ಹಾಡು ಎತ್ತಿದಳು. ಹೆಣ್ಣಿನ ಹೆಸರು ಬರುವಲ್ಲಿ “ಲಕ್ಕಮ್ಮ” ಎಂದಳು. ಧಾರೆ ಎರೆಯುವ ತಂದೆ “ಮುನಿವೆಂಕಟಯ್ಯ” ಎಂದಳು. ನಮ್ಮಪ್ಪನ ಹೆಸರು! ಅಪ್ಪ ತೀರಿಹೋಗಿ ಎಷ್ಟು ವರ್ಷವಾಯಿತು. ಸೋಬಾನೆಯ ರೀತಿ ನಿನಗೆ ಗೊತ್ತಲ್ಲ, ಮುಂದಿನವಳು ಏನು ಹೇಳಿದರೆ ಹಿಂದಿನವರು ಅದನ್ನೇ ಹೇಳಬೇಕು. ಹೆಂಗಸರೆಲ್ಲ ಅಭ್ಯಾಸಬಲದಿಂದ ನಿನ್ನ ಹೆಸರು ಹೇಳಿದರು, ಅಪ್ಪನ ಹೆಸರೂ ಹೇಳಿದರು. ಮದುಮಗಳು ಜಯಮ್ಮ ತಲೆಯೆತ್ತಿ ನೋಡಿದಳು. ಗಂಡಿನ ಕಡೆಯ ಒಬ್ಬ ಅಜ್ಜಿ ಮಾತ್ರ ಬಿಡಲಿಲ್ಲ. “ಯಾವಳವ್ವಾ ಅದು ಲಕ್ಕಮ್ಮ? ನಾವ್ ಒಪ್ಕೊಂಡು ಬಂದಿರೋ ಹೆಣ್ಣು ಬೇರೆ ಐತಾ?” ಎಂದು ಎದ್ದು ನಿಂತಳು. ಸೊಣ್ಣಪ್ಪನ ಹೆಂಡತಿ ಓಡಿಬಂದು, “ಕುಲದಾಗೆ ಚೆಂದಾಗಿ ಬಾಳ್ತಾ ಇರೋ ಮಗಳ ಹೆಸ್ರು ಹಾಡಿದ್ರೆ ಒಳ್ಳೇದು ಕಣಜ್ಜಿ, ಕೂತ್ಕೊ, ಎಲೆಅಡಿಕೆ ಹಾಕ್ಕೊ” ಎಂದು ಕೂರಿಸಿದಳು. ಹಾಗೊಂದು ಪದ್ಧತಿ ಎಲ್ಲಿಯೂ ಇಲ್ಲ. ಅವಳು ಆ ಕ್ಷಣಕ್ಕೆ ಹುಟ್ಟಿಸಿದ್ದು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಅಮ್ಮನಿಗೆ ಇದು ಯಾವುದೂ ಕೇಳಿಸಲಿಲ್ಲ. ಅವಳ ಮುಖ ನೋಡಬೇಕಿತ್ತು ನೀನು. ಅವಳು ಗೊರಗುಂಟೆಪಾಳ್ಯದಲ್ಲಿ ಇರಲಿಲ್ಲ, ನಮ್ಮ ಅಂಗಳದಲ್ಲಿದ್ದಳು. ನಿನ್ನ ಮದುವೆಯ ಚಪ್ಪರ, ಮಾವಿನೆಲೆಯ ವಾಸನೆ, ಹೊಸ ಪಂಚೆಯ ಅಪ್ಪ, ಎಲ್ಲ ಅವಳ ಕಣ್ಣ ಮುಂದಿತ್ತು. ಒಂದು ಗಳಿಗೆ ನನಗೂ ಅಲ್ಲಿಗೆ ಹೋಗಬೇಕೆನಿಸಿತು. ತಡೆಯಬೇಕಾದವಳು ನಾನು, ತಡೆಯದೆ ಕೂತೆ. ಕೊನೆಗೆ ಹೆಣ್ಣು ಒಪ್ಪಿಸುವ ಹಾಡು ಬಂತು.

“ಹೊಸಲು ದಾಟುವ ಮಗಳೆ, ಹಿಂದಿರುಗಿ ನೋಡವ್ವ,
ಹಿತ್ತಲ ಬೇವು ಕರೆದೈತೆ.”

ಇದಕ್ಕೆ ಮಗಳು ಕೊಡುವ ಉತ್ತರವನ್ನು ಚಿಕ್ಕಂದಿನಿಂದ ಎತ್ತುತ್ತಿದ್ದವಳು ನೀನು. ಯಾರ ಮದುವೆಯಾದರೂ ಸರಿ, ಅಮ್ಮನ ತೊಡೆಗೆ ಅಂಟಿಕೊಂಡು ಕೂತು ಆ ಸಾಲಿಗಾಗಿಯೇ ಕಾಯುತ್ತಿದ್ದೆ. ನಿನ್ನ ಮದುವೆಯಲ್ಲೂ, ತಲೆ ತಗ್ಗಿಸಿ ಅಳಬೇಕಾದ ಹೆಣ್ಣು, ಬಾಸಿಂಗ ಕಟ್ಟಿಕೊಂಡೇ ಗಟ್ಟಿಯಾಗಿ ಹಾಡಿಬಿಟ್ಟೆಯಲ್ಲ! ನಿಮ್ಮತ್ತೆ, “ನಮ್ಗೆ ಸಿಕ್ಕಿರೋದು ಸೊಸೆಯಲ್ಲ, ನಾಟಕದೋಳು” ಎಂದಿದ್ದು ಇನ್ನೂ ನೆನಪಿದೆ. ಗೊರಗುಂಟೆಪಾಳ್ಯದಲ್ಲಿ ಅಮ್ಮ ಆ ಸಾಲಿಗೆ ಬಂದು ನಿಂತಳು. ಪಕ್ಕಕ್ಕೆ ತಿರುಗಿ ಕೆಳಗೆ ನೋಡಿದಳು, ಅಲ್ಲಿ ಪುಟ್ಟ ಹುಡುಗಿಯೊಬ್ಬಳು ಇರಬೇಕಿತ್ತು ಎಂಬಂತೆ. ಮುನಿವೆಂಕಟಮ್ಮ ತಾನೇ ಉತ್ತರ ಎತ್ತಿ ಹಾಡನ್ನು ಮುಗಿಸಿದಳು, ಮುಗಿಸಿ ನನ್ನ ಮುಖ ನೋಡಿದಳು. ಆಗ ಸಿಪ್ಪೆಯ ಸಾರು, ಕೆರೆ ಏರಿ, ನಾನು ನಕ್ಕು ಬಿಟ್ಟಿದ್ದೆಲ್ಲವೂ ಒಂದರ ಹಿಂದೆ ಒಂದು ಬಂದು ನನ್ನೆದುರು ನಿಂತವು.

ಪೇಟೆಯ ಡಾಕ್ಟರೊಬ್ಬರಿಗೆ ತೋರಿಸಿದೆ. ವಯಸ್ಸಾದವರು, ನಿಧಾನದ ಮನುಷ್ಯ. “ಬೆಳಿಗ್ಗೆ ಏನು ತಿಂದಿರಿ ತಾಯಿ?” ಎಂದು ಕೇಳಿದರು. ಅಮ್ಮ, “ನಿಮ್ಮನೇಲಿ ಏನ್ ಮಾಡಿದ್ರು, ಅದ್ನ ಮೊದ್ಲು ತಿಳಿಸಿ ಸ್ವಾಮಿ” ಎಂದಳು. ಅವರು ನಕ್ಕರು. ಇನ್ನೊಂದು ಕೇಳಿದರು, ಅದಕ್ಕೂ ಅಮ್ಮ ಹಾಗೆಯೇ ತಿರುಗಿಸಿ ಹೇಳಿದಳು. ಆಗ ಅವರು ನಗಲಿಲ್ಲ. ಅವಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು, ಇದು ಎಲ್ಲ ಮುದುಕರಿಗೂ ಬರುವ ಅರಳುಮರಳಲ್ಲ, ಬೇರೆ ತರಹದ ಮರೆವು. ಇವತ್ತಿನದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ತಡೆಯುವ ಮದ್ದು ತಮಗೆ ತಿಳಿದಂತೆ ಇಲ್ಲ, ಹತ್ತಿರದವರು ಹತ್ತಿರ ಇರಬೇಕು, ಅಷ್ಟೆ. ಅಮ್ಮ ಬುದ್ಧಿವಂತೆ, ಮರೆತದ್ದನ್ನೆಲ್ಲ ನಗೆಯಲ್ಲಿ ಮುಚ್ಚಿಟ್ಟು ಬಹಳ ದಿನ ನಿಭಾಯಿಸಿದ್ದಾಳೆ ಎಂದರು. ಬರುವಾಗ ಬಸ್ಸು ಹೆಬ್ಬಾಳದ ಕೆರೆ ದಾಟಿತು. ಆಮೇಲೆ ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, “ನಂಗೊತ್ತು ಕಣೆ. ಒಳಗೆ ಒಂದೊಂದೇ ದೀಪ ಆರ್ತಾ ಐತೆ. ಲಕ್ಕಿಗೆ ಬರೀಬ್ಯಾಡ. ಅಷ್ಟು ದೂರದಿಂದ ಮಕ್ಳ ಓದು ಕೆಡಿಸ್ಕೊಂಡು ಬತ್ತಾಳೆ” ಎಂದಳು. ನನ್ನಿಂದ ಭಾಷೆ ತೆಗೆದುಕೊಂಡಳು. ಅದಕ್ಕೇ ದೀಪಾವಳಿಯಿಂದ ಈಚೆಗೆ ನಿನಗೆ ಬರೆದ ಕಾಗದಗಳಲ್ಲೆಲ್ಲ ಬರೀ ಮಳೆ, ಬೆಳೆ, ಹಸುವಿನ ಕರು.

ಈಗ ಮಾಘ ಹುಟ್ಟಿದೆ, ಮದುವೆಗಳು ಶುರುವಾಗಿವೆ. ಮೊನ್ನೆ ಚಿಕ್ಕಬೈರಪ್ಪ ಮೊಮ್ಮಗಳ ಮದುವೆಗೆ ಸೋಬಾನೆಗೆ ಕರೆಯಲು ಬಂದಿದ್ದ. ಅಮ್ಮ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, “ಗಂಟ್ಲು ಕಟ್ಟೈತಪ್ಪ” ಎಂದಳು. ಅವನು ಅತ್ತ ಹೋದ ಮೇಲೆ ಬಟ್ಟೆ ಬಿಚ್ಚಿ ಮಡಿಸಿಟ್ಟಳು. ಹಾಡು ಕಲಿಸಿಕೊಡು ಎಂದು ನಾನು ಕೇಳಿದರೆ ಹಳೆಯ ಮಾತೇ, ಚಪ್ಪರ ಹಾಕದೆ ಸೋಬಾನೆ ಬಾಯಿಗೆ ತರಬಾರದು. ಜೊತೆಗೆ ನನ್ನ ಕಂಠ ನಿನಗೆ ಗೊತ್ತು. ನಾನು ಹಾಡಿದರೆ ಹಸು ಹಾಲು ಇಳಿಸುವುದಿಲ್ಲ ಎಂದು ಇವತ್ತಿಗೂ ಹೇಳುತ್ತಾಳೆ, ಅದೊಂದು ಮರೆತಿಲ್ಲ. ಸ್ಕೂಲಿನಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಒಮ್ಮೊಮ್ಮೆ ಮಧ್ಯದಲ್ಲಿ ನಿಂತುಬಿಡುತ್ತೇನೆ. ಈ ಪದ್ಯಗಳಿಗೆ ಪುಸ್ತಕವಿದೆ. ಅಮ್ಮನ ಹಾಡುಗಳಿಗೆ ಅಮ್ಮ ಮಾತ್ರ.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ. ಮಕ್ಕಳ ತಲೆಯ ಮೇಲೆ ನನ್ನ ಕೈ ಇಟ್ಟಂತೆ ನಿನ್ನ ಕೈ ಇಡು. ನಿನ್ನ ತುಂಬಿದ ಮನೆ ತುಂಬಿಯೇ ಇರಲಿ. ಎಳ್ಳುಬೆಲ್ಲ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಅದರಲ್ಲಿ ಕೊಬ್ಬರಿ ಹೆಚ್ಚಿದ್ದು ಅಮ್ಮ.

ನಿನ್ನ ಅಕ್ಕ,
ನಾರಾಯಣಮ್ಮ

ಲಕ್ಕೀ, ಲಕೋಟೆ ಅಂಟಿಸಬೇಕೆಂದು ಕೂತವಳು ಮತ್ತೆ ಬಿಡಿಸಿದ್ದೇನೆ. ಟಪಾಲಿನ ಹೊತ್ತಾಯಿತು. ಈಗ ಹಿತ್ತಲಲ್ಲಿ ಬೀಸುವ ಕಲ್ಲಿನ ಮುಂದೆ ಅಮ್ಮ ಹಾಡುತ್ತಿದ್ದಾಳೆ. ಚಪ್ಪರವಿಲ್ಲ, ಮದುವೆಯಿಲ್ಲ, ಒಪ್ಪಿಸುವ ಹಾಡು ಹಾಡುತ್ತಿದ್ದಾಳೆ. “ಹಿತ್ತಲ ಬೇವು ಕರೆದೈತೆ” ಎಂದು ನಿಲ್ಲಿಸಿದಳು. ನಾನು ಬಾಗಿಲಲ್ಲಿ ನಿಂತು, ನನ್ನ ಕೆಟ್ಟ ಗಂಟಲಲ್ಲೇ, “ಕರೆದ ಬೇವಿಗೆ ಹೇಳೆ, ನೆರಳಾಗಿ ಇರು ಅಂತ, ಮರಳಿ ನಾ ಬರುವೆ ತವರೀಗೆ” ಎಂದು ಎತ್ತಿಕೊಟ್ಟೆ. ಅಮ್ಮ ತಲೆ ಅಲ್ಲಾಡಿಸಿದಳು. “ನೀ ಸುಮ್ನಿರು. ಅದು ನನ್ ಲಕ್ಕೀದು, ಅವಳೇ ಎತ್ಲಿ” ಎಂದಳು. ಕಲ್ಲಿನ ಗೂಟ ಹಿಡಿದುಕೊಂಡು, ಬೀಸದೆ, ಬಾಗಿಲ ಕಡೆ ನೋಡುತ್ತಾ ಕೂತಿದ್ದಾಳೆ. ಆ ಸಾಲು ಯಾರದೆಂದು ಅವಳಿಗೆ ಇನ್ನೂ ಗೊತ್ತಿದೆ. ಬೇಸಿಗೆ ರಜೆಯವರೆಗೂ ಗೊತ್ತಿರುತ್ತದೋ ಇಲ್ಲವೋ ನಾನು ಹೇಳಲಾರೆ. ಕೊಟ್ಟ ಭಾಷೆ ಮುರಿದಿದ್ದೇನೆ. ಉತ್ತರ ಬರೆಯಬೇಡ, ಬಾ.