ಪಕ್ಕದ ಮೇಜಿನವಳು ಕೊಟ್ಟ ಮಂಚ

ಅಕ್ಕಾ,

ಇಬ್ಬರೂ ಚೆನ್ನಾಗಿದ್ದೇವೆ. ಇವರ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ನಿನ್ನೆ ಒಂದು ಸೋಜಿಗ ನೋಡಿದೆ. ನಾನು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಪಕ್ಕದ ಮೇಜಿನವಳು ಇದೇ ಊರಲ್ಲಿ ಹುಟ್ಟಿ ಬೆಳೆದವಳು, ಹೊಸದಾಗಿ ಮದುವೆಯಾದವಳು. ಅವಳೂ ಗಂಡನೂ ಮನೆ ಖಾಲಿ ಮಾಡಿ ಪಾತ್ರೆ, ಕುರ್ಚಿ, ಹಾಸಿಗೆ ಎಲ್ಲವನ್ನೂ ಬೀದಿಗೆ ತಂದಿಟ್ಟು ಬೇಕಾದವರಿಗೆ ಹಂಚುತ್ತಿದ್ದರು. ಹೊಸ ಬದುಕು ಕಟ್ಟಲು ಪರದೇಶಕ್ಕೆ ಹೊರಟಿದ್ದಾರಂತೆ!

"ಸ್ವಂತ ಊರು, ಸ್ವಂತ ಭಾಷೆ ಬಿಟ್ಟು ಯಾಕೆ ಹೋಗ್ತಿದ್ದೀಯೇ?" ಎಂದು ಇಲ್ಲಿಯ ಭಾಷೆಯ ನನ್ನ ಹರಕುಮುರುಕು ಮಾತಿನಲ್ಲಿ ಕೇಳಿದೆ.

"ಇಲ್ಲೇನ್ ಮಣ್ಣಿದೆ?" ಎಂದಳು.

ಈ ದೇಶಕ್ಕೆ ಹೊರಡುವ ಮುಂಚೆ ನಿನ್ನ ಅಡುಗೆಮನೆಯಲ್ಲಿ ನಿಂತು ನಾನು ಅಂದದ್ದೂ ಇದೇ ಮಾತು. ನಮಗೆ ನುಣ್ಣಗೆ ಕಂಡ ಬೆಟ್ಟದವರಿಗೂ ಇನ್ನೊಂದು ದೂರದ ಬೆಟ್ಟ ಇದೆ ನೋಡು.

ಮಡಚುವ ಮಂಚವನ್ನು ನಮಗೇ ಕೊಟ್ಟರು. ನನ್ನ ಜೊತೆ ಬಂದಿದ್ದ ಇವರು ಲಾಟರಿ ಹೊಡೆದವರ ಹಾಗೆ ಅದನ್ನು ಹೆಗಲಿಗೇರಿಸಿ ಮುಂದೆ ಹೊರಟರು. ಆಗ ಅವಳು ನನ್ನ ಕೈ ಹಿಡಿದು ಮೆಲ್ಲಗೆ, "ನಿಜ ಹೇಳು, ವಾಪಸ್ ಹೋಗ್ಬೇಕು ಅನ್ಸುತ್ತಾ?" ಎಂದಳು. ಹಿಡಿದ ಕೈ ಬಿಡಲಿಲ್ಲ.

"ಇಲ್ಲಪ್ಪ, ಎಲ್ಲಾ ಒಗ್ಗಿ ಹೋಗುತ್ತೆ" ಎಂದುಬಿಟ್ಟೆ. ಅವಳ ಮುಖ ಅರಳಿತು.

ದಿನಾ ಅನಿಸುತ್ತದೆ ಅಕ್ಕಾ. ಯಾರದೋ ಅಂಗಿಯ ಕಾಲರ್ ತಿಕ್ಕುವಾಗೆಲ್ಲ ಅನಿಸುತ್ತದೆ. ಇಲ್ಲಿಯ ಅಂಚೆಯವರಿಗೆ ನಮ್ಮ ಅಕ್ಷರ ಬಾರದು. ಅಲ್ಲಿಯ ಅಂಚೆಯಣ್ಣ ಈ ತೆರೆದ ಕಾರ್ಡನ್ನು ಓದಿ ಅಮ್ಮನ ಹತ್ತಿರ ಬಾಯಿಬಿಡದಿದ್ದರೆ ಸಾಕು. ಕಾರ್ಡು ತುಂಬಿತು.

ನಿನ್ನ ತಂಗಿ