ಕ್ವಾರಂಟೈನಿನ ತವರುಮನೆ

ಗಾಲ್ವೇ,
೩ ಅಕ್ಟೋಬರ್ ೨೦೨೧, ಭಾನುವಾರ

ಪ್ರೀತಿಯ ಸಾವಿತ್ರಿ,

ಹೇಗಿದ್ದೀಯ? ನಿನ್ನ ಮಂಡಿನೋವು ಮೈಸೂರಿನ ಬಿಸಿಲಿಗೆ ಕರಗಿತೋ, ಇಲ್ಲ ಅದೂ ನಿನ್ನ ಹಾಗೆ ಅಲ್ಲೇ ನೆಲೆಯೂರಿತೋ? ನಾನು ಇಲ್ಲಿಯ ಐರಿಷ್ ಜನರ ಮಾತಿನಲ್ಲಿ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೇನೆ. ಈ ದೇಶದಲ್ಲಿ ಕಾಲು ಮುರಿದವನೂ ಗ್ರ್ಯಾಂಡ್, ಲಾಟರಿ ಹೊಡೆದವನೂ ಗ್ರ್ಯಾಂಡ್. ನಾನು ಯಾವ ಬಗೆಯವನು ಎಂಬುದನ್ನು ನಿನ್ನ ಊಹೆಗೇ ಬಿಟ್ಟಿದ್ದೇನೆ. ಎರಡೂ ಡೋಸ್ ಆಗಿದೆ. ಸಾರು ಮಾಡುವುದನ್ನು ಕಲಿತಿದ್ದೇನೆ. ಸಾರು ಮಾತ್ರ ನನ್ನಿಂದ ಮಾಡಿಸಿಕೊಳ್ಳುವುದನ್ನು ಇನ್ನೂ ಕಲಿತಿಲ್ಲ.

ಫೋನಿರುವಾಗ ಪತ್ರವೇಕೆ ಎನ್ನುತ್ತೀಯ. ಕಳೆದ ವಾರದ ಫೋನನ್ನೇ ನೆನೆದುಕೋ. ‘ಹೋಟೆಲ್ ಕ್ವಾರಂಟೈನ್ ತೆಗೆದರಂತೆ, ಇನ್ನು ಇಂಡಿಯಾದಿಂದ ಸಲೀಸಾಗಿ ಬರಬಹುದಂತೆ’ ಎಂದೆ ನಾನು. ‘ಹೌದಂತೆ’ ಎಂದೆ ನೀನು. ಆಮೇಲೆ ಇಬ್ಬರೂ ಮಳೆಯ ವಿಷಯ ಮಾತಾಡಿದೆವು. ಮೂವತ್ತೊಂದು ವರ್ಷ ಸಂಸಾರ ಮಾಡಿದವರು ಅಂತೆಕಂತೆಯಲ್ಲಿ ಮಾತು ಮುಗಿಸಿದರೆ ಹೇಗೆ? ತಮ್ಮನ ಗೃಹಪ್ರವೇಶಕ್ಕೆಂದು ಮೂರು ವಾರಕ್ಕೆ ಹೋದವಳು, ಒಂದೂವರೆ ವರ್ಷ ದಾಟಿತು. ಪ್ರವೇಶ ಮಾಡಿದ್ದು ನಾವು, ಗೃಹ ಅಕ್ಕನದು ಎಂದು ಶ್ರೀರಾಮ ನಗುತ್ತಾನಂತೆ. ಮೊದಲು ವಿಮಾನವಿಲ್ಲ ಎಂಬ ನೆಪ ನಮ್ಮಿಬ್ಬರಿಗೂ ಇತ್ತು. ಈಗ ವಿಮಾನವಿದೆ, ನೆಪವಿಲ್ಲ. ಅದಕ್ಕೇ ನನಗೆ ಸಣ್ಣ ಭಯ: ನೀನು ಇನ್ನು ಬರುವುದಿಲ್ಲವೇನೋ.

ಇರಲಿ, ಸುದ್ದಿಗೆ ಬರುತ್ತೇನೆ. ನಮ್ಮ ಮದುವೆಯ ಮೂವತ್ತನೆಯ ವರ್ಷಕ್ಕೆಂದು ಕಾದಿರಿಸಿ, ಲಾಕ್‌ಡೌನಿನಲ್ಲಿ ಮುಂದೂಡಿದ್ದೆವಲ್ಲ ಡುಬ್ರೋವ್ನಿಕ್ ಪ್ರವಾಸ, ಅದಕ್ಕೆ ಹೋಗಿಬಂದೆ. ಇನ್ನೊಮ್ಮೆ ಮುಂದೂಡುವುದಿಲ್ಲ ಎಂದು ಹೋಟೆಲಿನವರು ಖಡಾಖಂಡಿತವಾಗಿ ಹೇಳಿದರು. ನಿನ್ನ ಜಾಗದಲ್ಲಿ ಪಕ್ಕದ ರಸ್ತೆಯ ಹುಬ್ಬಳ್ಳಿಯ ಶಫೀ ಬಂದ. ಅವನ ಹೆಂಡತಿ ಶಮ್ಸುನ್ನೀಸಾ ಬಲು ಸಂತೋಷದಿಂದ ಕಳಿಸಿಕೊಟ್ಟರು: ‘ಕರಕೊಂಡು ಹೋಗ್ರಿ ಸರ್, ನನಗೂ ನಾಕ್ ದಿನ ಪ್ರವಾಸ ಆದಂಗ ಆಗತೈತಿ.’ ನಾನು ಮರೆತದ್ದು ಒಂದೇ. ಕೋಣೆ ಕೇಳುವಾಗ ರಸಿಕತೆ ಉಕ್ಕಿ ‘ವಿವಾಹ ವಾರ್ಷಿಕೋತ್ಸವ’ ಎಂದು ತಿಳಿಸಿದ್ದೆ. ಬಾಗಿಲು ತೆರೆದರೆ ಹಾಸಿಗೆಯ ಮೇಲೆ ಗುಲಾಬಿ ದಳಗಳು, ನಡುವೆ ಟವೆಲಿನಲ್ಲಿ ಮಡಿಸಿದ ಎರಡು ಹಂಸಗಳು ಮುತ್ತಿಡುತ್ತಿವೆ! ಶಫೀ ಬಹಳ ಹೊತ್ತು ನೋಡಿ, ‘ಸಾಹೇಬ್ರ, ನಿಮ್ಮ ಜೋಡಿ ಬರೋದು ಮನ್ಯಾಗ ಹೇಳೇನಿ. ಈ ಬಾತುಕೋಳಿ ಸುದ್ದಿ ಮಾತ್ರ ಹೇಳಂಗಿಲ್ಲ ನೋಡ್ರಿ’ ಎಂದ. ಒಂದು ಹಂಸದಿಂದ ನಾನು ಮುಖ ಒರೆಸಿಕೊಂಡೆ. ನಮಾಜಿಗೆ ಕೈಕಾಲು ತೊಳೆದು ಬಂದು ಇನ್ನೊಂದನ್ನು ಅವನು ಬಿಚ್ಚಿದ. ನಮ್ಮ ವಾರ್ಷಿಕೋತ್ಸವ ಹೀಗೆ ಸಾಂಗವಾಗಿ ನೆರವೇರಿತು.

ಊರು ಚೆಂದ ಕಣೇ. ಗಾಲ್ವೇಯಲ್ಲಿ ಕೋಟು ಇಲ್ಲದೆ ಹೊರಗೆ ಕಾಲಿಡುವಂತಿಲ್ಲ, ಅಲ್ಲಿ ಕೋಟೆ ದಾಟದೆ ಒಳಗೆ ಕಾಲಿಡುವಂತಿಲ್ಲ. ಮುಖ್ಯ ಬೀದಿಯ ಬಿಳಿಕಲ್ಲು ಜನರ ಕಾಲಿಗೆ ಸವೆದು ಎಷ್ಟು ನುಣುಪಾಗಿದೆಯೆಂದರೆ, ನೀನಾಗಿದ್ದರೆ ಒರಳಿನ ಒಡಲು ಸವರುವ ಹಾಗೆ ಬಗ್ಗಿ ಸವರುತ್ತಿದ್ದೆ. ಏಡ್ರಿಯಾಟಿಕ್ ಸಮುದ್ರಕ್ಕೆ ನಮ್ಮ ಅಟ್ಲಾಂಟಿಕ್ಕಿನ ಸಿಡುಕಿಲ್ಲ. ಮಧ್ಯಾಹ್ನ ಉಂಡು ಮಲಗಿದವರಂತೆ ಉಸಿರಾಡುತ್ತದೆ. ಕಾಫಿಯ ಬೆಲೆ ಕೇಳಿ ಶಫೀ ಊರಿಗೆ ‘ದುಬಾರಿವ್ನಿಕ್’ ಎಂದು ಮರುನಾಮಕರಣ ಮಾಡಿದ.

ಕೋಟೆಯ ಪೂರ್ವದ ಬಾಗಿಲಾಚೆ, ಸಮುದ್ರದ ಮಗ್ಗುಲಲ್ಲಿ, ಹಳೆಯ ಕಲ್ಲಿನ ಚಾವಡಿಗಳ ಸಾಲೊಂದಿದೆ. ಪ್ಲೇಗಿನ ಕಾಲದಲ್ಲಿ, ಆರುನೂರು ವರ್ಷಕ್ಕೂ ಹಿಂದೆ, ಹೊರಗಿನಿಂದ ಬಂದವರನ್ನು ಕೆಲವು ಕಾಲ ಬೇರೆ ಇರಿಸಬೇಕೆಂದು ಕಾನೂನು ಮಾಡಿದ ಊರು ಅದು. ಈ ಚಾವಡಿಗಳು ಆಮೇಲೆ ಅದಕ್ಕೆಂದೇ ಕಟ್ಟಿದವು. ನೀನು ನಿನ್ನ ತವರಿನಲ್ಲಿದ್ದೆ, ನಾನು ಕ್ವಾರಂಟೈನಿನ ತವರಿಗೆ ಹೋಗಿಬಂದೆ! ಅಲ್ಲಿ ಕೂತರೆ ನಗರದ ಬಾಗಿಲು ಇಲ್ಲೇ ಕಾಣುತ್ತದೆ. ಹಡಗಿಳಿದು ಬಂದು ಇಲ್ಲಿ ತಡೆಯಲ್ಪಟ್ಟ ವರ್ತಕರು ಅದನ್ನು ನೋಡುತ್ತಲೇ ದಿನ ಕಳೆದಿರಬೇಕು. ಕಟ್ಟೆಯ ಮೇಲೆ ಕೂತು ಶಫೀಗೆ ನಿನ್ನ ‘ಹೌದಂತೆ’ಯ ಕಥೆ ಹೇಳಿದೆ. ನಾನೇಕೆ ಬಲವಂತ ಮಾಡಲಿ, ಮನಸ್ಸಿದ್ದರೆ ಅವಳೇ ಬರುತ್ತಾಳೆ ಎಂದೂ ಹೇಳಿದೆ. ಅವನು ಮಾಸ್ಕ್ ಕೆಳಗೆ ಎಳೆದುಕೊಂಡು, ‘ಇಲ್ಲಿ ಕುಂತವರು ತಾವಾಗೇ ಎದ್ದು ಒಳಗ ಹೋಗತಿದ್ರೇನ್ರಿ? ಒಳಗಿನವರು ಬಂದು ಕರೀಬೇಕಿತ್ತಲ್ಲ. ಅದಿರಲಿ ಸಾಹೇಬ್ರ, ತವರಿಗೆ ಹೋದ ಹೆಂಡ್ತೀನ ಕರಕೊಂಡು ಬರಾಕ ನಿಮ್ಮ ಮಂದ್ಯಾಗ ಯಾರ್ ಹೋಗ್ತಾರ್ರಿ, ವಿಮಾನದವ್ರೇನು?’ ಎಂದ.

ಮದುವೆಯಾದ ವರ್ಷ ಗೌರಿಹಬ್ಬಕ್ಕೆ ತವರಿಗೆ ಹೋದ ನಿನ್ನನ್ನು ಕರೆತರಲು ಬಂದಿದ್ದೆನಲ್ಲ, ಅದು ನೆನಪಾಯಿತು. ನಿನ್ನ ಟ್ರಂಕು ಆಗಲೇ ಸಿದ್ಧವಾಗಿ ಬಾಗಿಲ ಮರೆಯಲ್ಲಿತ್ತು. ನೀನು ಮಾತ್ರ ಸೆರಗು ಸರಿಪಡಿಸಿಕೊಳ್ಳುತ್ತ ‘ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ?’ ಎಂದಿದ್ದೆ.

ಶ್ರೀರಾಮನಿಗೆ ಆಶೀರ್ವಾದ, ಅವನ ಹೆಂಡತಿ ಶಾಂತಾಳಿಗೂ ಹೇಳು. ಮಂಡಿಗೆ ಎಣ್ಣೆ ತಪ್ಪಿಸಬೇಡ, ಮಾಸ್ಕನ್ನು ಗದ್ದಕ್ಕೆ ತೊಡಿಸಬೇಡ.

ಎಂದೆಂದೂ ನಿನ್ನವನಾದ ಗ್ರ್ಯಾಂಡ್
ಅನಂತಕೃಷ್ಣ

ತಾ.ಕ.: ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಒಂದು ಮಾತು. ಕರೆದುಕೊಂಡು ಹೋಗಲು ಬರುತ್ತಿದ್ದೇನೆ. ಮುಂದಿನ ಶನಿವಾರದ ವಿಮಾನ. ವಾಪಸಿಗೆ ನಿನ್ನ ಟಿಕೆಟ್ ಮಾಡಿಸಿಲ್ಲ, ನನ್ನದೂ ಮಾಡಿಸಿಲ್ಲ. ಇಲ್ಲಿಗೆ ಬರುವುದೋ ಅಲ್ಲೇ ಇರುವುದೋ, ನೀನು ಮಾಡಿದ ಸಾರು ಉಂಡು ಇಬ್ಬರೂ ಕೂತು ನಿರ್ಧರಿಸೋಣ. ಪತ್ರಕ್ಕಿಂತ ನಾನೇ ಮೊದಲು ಮುಟ್ಟಬಹುದು. ಹಾಗಾದರೆ ಇದನ್ನು ನಾನೇ ಓದಿ ಹೇಳುತ್ತೇನೆ. ಪತ್ರವೇ ಮೊದಲು ಮುಟ್ಟಿದರೆ ಒಂದು ಉಪಕಾರ ಮಾಡು: ಬಾಗಿಲು ತೆಗೆದಾಗ, ಒಂದೂವರೆ ವರ್ಷ ತಡಮಾಡಿದವನೆಂದು ನೋಡದೆ, ‘ಇಷ್ಟು ಬೇಗ ಬಂದ್ಬಿಟ್ರಾ?’ ಎಂದು ಕೇಳು.